ಪರಿಹಾರದ ಪಟ್ಟಿ, ಪಂಚಮಿಯ ಪಟ್ಟಿ

(ಬಾಗಲಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನೆರೆಯಲ್ಲಿ ಮನೆ ಕಳೆದುಕೊಂಡವರ ಊರಿನಲ್ಲಿ ಹಬ್ಬ ಮಾಡುವುದು ಎಷ್ಟರ ಮಟ್ಟಿಗೆ ಸರಿ ಎಂದು ನಿಮ್ಮಲ್ಲಿ ಒಬ್ಬರು ಚೀಟಿ ಬರೆದು ಕೊಟ್ಟಿದ್ದಾರೆ. ಈ ಪ್ರಶ್ನೆಯನ್ನು ಒಂದು ಕಾಲಕ್ಕೆ ನಾನೂ ಕೇಳಿದವಳೇ. ನನ್ನ ತವರೂರಿನ ಹುಡುಗರು ನೆರೆಯ ನಂತರ ಮೊದಲ ಸಲ ಹಬ್ಬದ ಮಾತು ತೆಗೆದಾಗ, ಇನ್ನೂ ಗೋಡೆ ಎಬ್ಬಿಸದವರ ಮುಂದೆ ಹಲಗಿ ಬಾರಿಸುತ್ತೀರೇನು ಎಂದು ಫೋನಿನಲ್ಲಿಯೇ ಅವರನ್ನು ಗದರಿದ್ದೆ. ಆದ್ದರಿಂದ ಇಂದಿನ ಮಾತು ಆ ಚೀಟಿಯಿಂದಲೇ ಶುರುವಾಗಲಿ.

ನನ್ನ ತವರು ಮಲಪ್ರಭೆಯ ದಂಡೆಯ ಒಂದು ಸಣ್ಣ ಊರು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಮಳೆಯಲ್ಲಿ. ಅಲ್ಲಿಂದ ಅದು ಸವದತ್ತಿ, ರಾಮದುರ್ಗ, ಬಾದಾಮಿಯ ಸೀಮೆಗೆ ಇಳಿದು, ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆ ಬೀಳುವುದು ಅಲ್ಲಿ, ನಾವು ಬದುಕುವುದು ಇಲ್ಲಿ, ಮಳೆಗಾಗಿ ಮುಗಿಲು ನೋಡುವ ಬಯಲುನಾಡಿನಲ್ಲಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಜಲಾಶಯ ಎಷ್ಟೋ ವರ್ಷ ತುಂಬುವುದೇ ಇಲ್ಲವಾದ್ದರಿಂದ ನಮ್ಮವರು ನದಿಯನ್ನು ನಂಬುವುದನ್ನೂ ಬಿಟ್ಟಿದ್ದರು, ಅಂಜುವುದನ್ನೂ ಬಿಟ್ಟಿದ್ದರು. ದಂಡೆ ದಾಟಿ ಪಾತ್ರದೊಳಗೇ ಕಬ್ಬು ಇಳಿಯಿತು, ಹೂಳಿನ ಮೇಲೆ ಜಾಲಿ ಬೆಳೆಯಿತು. 2019ರ ಆಗಸ್ಟ್ ಮೊದಲ ವಾರದಲ್ಲಿ ಘಟ್ಟದಲ್ಲಿ ಎಡೆಬಿಡದೆ ಮಳೆ ಸುರಿದು, ಜಲಾಶಯ ತುಂಬಿ ನೀರು ಬಿಡಬೇಕಾಗಿ ಬಂದಾಗ, ಆ ನೀರಿಗೆ ಹಾದುಹೋಗಲು ಹಳೆಯ ದಾರಿಯೇ ಉಳಿದಿರಲಿಲ್ಲ. ನೀವೆಲ್ಲ ಆಗ ಶಾಲೆಯಲ್ಲಿದ್ದಿರಿ; ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ ಚಿತ್ರಗಳು ನಿಮಗೂ ನೆನಪಿರಬಹುದು.

ಆ ವರ್ಷ ನಾಗರಪಂಚಮಿ ಆಗಸ್ಟ್ 5ಕ್ಕೆ ಇತ್ತು. ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ತವರಿಗೆ ಬಂದು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ತಿಂದು, ಜೋಕಾಲಿ ಜೀಕಿ, ನಾಲ್ಕು ದಿನ ಯಾರ ಸೊಸೆಯೂ ಅಲ್ಲದೆ ಇರುವ ಹಬ್ಬ. ಹೀಗಾಗಿ ನೀರು ಬಂದಾಗ ಊರಿನಲ್ಲಿ ಊರಿನವರಷ್ಟೇ ಇರಲಿಲ್ಲ, ನನ್ನಂಥ ಮಗಳಂದಿರೂ ನಮ್ಮ ಕೂಸುಗಳೂ ಇದ್ದೆವು. ಹಬ್ಬ ಮುಗಿದ ಮೂರನೆಯ ದಿನ ನೀರು ಅಗಸಿಯೊಳಗೆ, ಅಂದರೆ ಊರಬಾಗಿಲಿನೊಳಗೆ, ಬಂತು. ಪಡಸಾಲೆಯ ತೊಲೆಗೆ ಕಟ್ಟಿದ ಜೋಕಾಲಿಯನ್ನು ನಾವು ಇನ್ನೂ ಬಿಚ್ಚಿರಲಿಲ್ಲ. ಅಣ್ಣ ಅದೇ ಹಗ್ಗವನ್ನು ಕುಡಗೋಲಿನಿಂದ ಕೊಯ್ದು, ಒಂದು ತುದಿಯನ್ನು ತನ್ನ ನಡುವಿಗೆ, ಇನ್ನೊಂದನ್ನು ಅವ್ವನ ನಡುವಿಗೆ ಕಟ್ಟಿ, ಎದೆಮಟ್ಟದ ನೀರಿನಲ್ಲಿ ಅವಳನ್ನು ಗುಡ್ಡದ ಶಾಲೆಗೆ ಮುಟ್ಟಿಸಿದ. ಆ ಹಗ್ಗದ ಮಾತು ಮುಂದೆ ಮತ್ತೆ ಬರುತ್ತದೆ.

ಮಣ್ಣಿನ ಮನೆಗಳು ನೀರು ನಿಂತಾಗಷ್ಟೇ ಬೀಳುವುದಿಲ್ಲ ಎಂಬುದು ನನಗೂ ಆಗಲೇ ಗೊತ್ತಾದದ್ದು. ನೀರು ಇಳಿದು ಎರಡು ದಿನ ಬಿಸಿಲು ಬಿದ್ದ ಮೇಲೆ, ಒಳಗಿನಿಂದ ನೆನೆದ ಗೋಡೆ ಮಾಳಿಗೆಯ ಭಾರ ತಾಳದೆ ಕುಸಿಯುತ್ತದೆ. ಗಂಡಾಂತರ ದಾಟಿತೆಂದು ಪಾತ್ರೆ ತೊಳೆದು ಒಳಗಿಟ್ಟ ಮೇಲೆ ನಮ್ಮ ಓಣಿಯ ಮನೆಗಳು ಒಂದರ ಹಿಂದೆ ಒಂದು ಬಿದ್ದವು.

ಅಲ್ಲಿಂದ ಮುಂದೆ ಊರಿನಲ್ಲಿ ಒಂದು ಶಬ್ದದ ಅರ್ಥವೇ ಬದಲಾಯಿತು. ನಮ್ಮ ಕಡೆ 'ಪಟ್ಟಿ' ಎಂದರೆ ಜಾತ್ರೆಗೆ, ಭಜನೆಗೆ, ಬಯಲಾಟಕ್ಕೆ ಮನೆಮನೆಯಿಂದ ಎತ್ತುವ ವಂತಿಗೆ. 'ಪಟ್ಟಿ ಕೊಟ್ಟೆಯೇನು' ಎಂದರೆ 'ಈ ಊರಿನ ಕೆಲಸದಲ್ಲಿ ನಿನ್ನ ಪಾಲು ಹಾಕಿದೆಯೇನು' ಎಂದು ಕೇಳಿದಂತೆ. ನೆರೆಯ ನಂತರ ಪಟ್ಟಿ ಎಂದರೆ ಪರಿಹಾರದ ಪಟ್ಟಿಯಾಯಿತು. ತುರ್ತು ಪರಿಹಾರದ 10,000 ರೂಪಾಯಿಗೆ ಒಂದು ಪಟ್ಟಿ, ಪೂರ್ತಿ ಬಿದ್ದ ಮನೆಯ 5 ಲಕ್ಷಕ್ಕೆ ಒಂದು ಪಟ್ಟಿ, ಮನೆ ಎಷ್ಟು ಬಿದ್ದಿದೆ ಎಂಬುದನ್ನು ನೋಡಿ ಎ, ಬಿ, ಸಿ ಎಂದು ಮೂರು ದರ್ಜೆ. ಊರಿನ ಕಟ್ಟೆಯ ಮೇಲೆ ಹೆಸರು ಓದುವಾಗ, ಒಂದೇ ಗೋಡೆ ಹಂಚಿಕೊಂಡು ಮೂರು ತಲೆಮಾರು ಬಾಳಿದ ಎರಡು ಮನೆಗಳಲ್ಲಿ ಒಂದು ಎ ಎಂದೂ ಇನ್ನೊಂದು ಸಿ ಎಂದೂ ಆದರೆ ಏನಾಗುತ್ತದೆ ಎಂದು ಯೋಚಿಸಿರಿ. ಪರಿಹಾರ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕಾಗಿತ್ತು, ಅದಿಲ್ಲದಿದ್ದರೆ ಎಷ್ಟೋ ಕುಟುಂಬಗಳು ಊರು ಬಿಡುತ್ತಿದ್ದವು. ಆದರೆ ಪಟ್ಟಿ ಓದುವಾಗ ಜನ ಒಬ್ಬರನ್ನೊಬ್ಬರು ನೋಡುವ ನೋಟ ಬದಲಾದದ್ದನ್ನು ನಾನು ಕಂಡಿದ್ದೇನೆ. ನಾದಿನಿ ಅತ್ತಿಗೆಯೊಡನೆ, ಮಿಣ್ಣಗೆ ಮಾತಾಡುತ್ತಿದ್ದ ಮುದುಕ ತನ್ನ ದಾಯಾದಿಯೊಡನೆ ಮಾತು ಬಿಟ್ಟದ್ದು ನೀರಿನಿಂದ ಅಲ್ಲ, ಪಟ್ಟಿಯಿಂದ.

ಇನ್ನೊಂದು ಸಂಗತಿಯನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ರೊಟ್ಟಿಯ ಗಂಟುಗಳು ಬಂದವು. ನಮ್ಮ ಹೆಸರು ಕೇಳದ ಊರಿನ ಹೆಂಗಸರು ರಾತ್ರಿಯಿಡೀ ಕುಳಿತು ಬಡಿದ ಕಟಕ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ಆ ಋಣವನ್ನು ನಾವು ತೀರಿಸುವಂತಿಲ್ಲ. ಆದರೆ ಕೊಡುವ ಕೈಯೇ ಗೊತ್ತಿದ್ದ ಮನೆಗಳಿಗೆ ವರ್ಷಗಟ್ಟಲೆ ಬರೀ ಇಸಿದುಕೊಳ್ಳುವ ಕೈಯಾಗುವುದು ಸಣ್ಣ ನೋವಲ್ಲ. 2022ರ ಬೇಸಿಗೆಯಲ್ಲಿ ನಾನು ತಗಡಿನ ಶೆಡ್ಡಿನಲ್ಲಿ ಅವ್ವನ ಪಕ್ಕ ಕುಳಿತಿದ್ದಾಗ ಅವಳು ಹೇಳಿದ ಮಾತು ಇದು: "ಮೂರು ವರ್ಸ ಆತು ನೋಡವಾ, ನಾ ಯಾರ ಮನಿಗೂ ಒಂದ ರೊಟ್ಟಿ ಕೊಟ್ಟಿಲ್ಲ." ಮನೆ ಹೋಯಿತು ಎಂದು ಅತ್ತಿದ್ದಕ್ಕಿಂತ ಹೆಚ್ಚಾಗಿ ಅವಳು ಅಂದು ಅತ್ತಳು.

ಹುಡುಗರ ವಿಷಯಕ್ಕೆ ಬರುತ್ತೇನೆ. ನೆರೆಯ ಬೆನ್ನಿಗೇ ಕೊರೊನಾ ಬಂದು, ಎರಡು ವರ್ಷ ಜನ ಕೂಡುವುದೇ ನಿಂತುಹೋಯಿತು. ಗೋವಾಕ್ಕೂ ಮಂಗಳೂರಿಗೂ ಕಟ್ಟಡದ ಕೆಲಸಕ್ಕೆ ಹೋದ ಹುಡುಗರು ಮರಳಿ ಬಂದು ಮತ್ತೆ ಹೋದರು. 2022ರ ಪಂಚಮಿ ಆಗಸ್ಟ್ 2ಕ್ಕೆ ಬಂತು. ಅದಕ್ಕೆ ತಿಂಗಳ ಮೊದಲು ಎಂಟು ಜನ ಸೇರಿದರು. ಐವರು ಹುಡುಗರು, ಮೂವರು ಹುಡುಗಿಯರು, ಎಲ್ಲರೂ ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರು. ಅವರ ಮೊದಲ ಯೋಚನೆ ದೊಡ್ಡ ಡಿಜೆ ತರಿಸುವುದು, ಅದರ ಖರ್ಚಿಗೆ ಹೊರಗಿನ ದಾನಿಯೊಬ್ಬರನ್ನು ಹಿಡಿಯುವುದು. ಅದಕ್ಕೆ ಅಡ್ಡ ನಿಂತವಳು ನನ್ನ ಅವ್ವನ ವಾರಿಗೆಯ ಒಬ್ಬ ಅಜ್ಜಿ. "ಹಬ್ಬಾನೂ ಇಸಗೊಂಡ ಮಾಡೂದೇನು?" ಎಂದಳು. ನನ್ನ ಗದರಿಕೆಯಿಂದ ಬದಲಾಗದ ಹುಡುಗರು ಆ ಒಂದು ಮಾತಿನಿಂದ ಬದಲಾದರು. ಹೊರಗಿನ ಒಂದು ರೂಪಾಯಿಯೂ ಬೇಡ, ಪಟ್ಟಿ ಎತ್ತೋಣ ಎಂದು ನಿಶ್ಚಯಿಸಿದರು. ದುಡ್ಡಿನ ಪಟ್ಟಿಯೂ ಬೇಡ, ಯಾಕೆಂದರೆ ದುಡ್ಡು ಇದ್ದವರು ಹೆಚ್ಚು, ಇಲ್ಲದವರು ಕಡಿಮೆ ಕೊಟ್ಟು ಮತ್ತೆ ಎ, ಬಿ, ಸಿ ಆಗುತ್ತದೆ. ಮನೆಗೆ ಐದು ರೊಟ್ಟಿ, ಒಂದು ಮುಷ್ಟಿ ಶೇಂಗಾ, ಒಂದು ಹೆಂಟಿ ಬೆಲ್ಲ. ಶೆಡ್ಡಿನಲ್ಲಿರುವವರೂ ಅಷ್ಟೇ, ಸ್ಲ್ಯಾಬು ಹಾಕಿಸಿದವರೂ ಅಷ್ಟೇ.

ಬಾಗಲಕೋಟೆಯ ಮಕ್ಕಳಿಗೆ ರೊಟ್ಟಿ ಹಬ್ಬವನ್ನು ನಾನು ವಿವರಿಸಬೇಕಾಗಿಲ್ಲ. ಪಂಚಮಿಯ ಮುನ್ನಾ ದಿನಗಳಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ನಾಲ್ಕಾರು ಬಗೆಯ ಪಲ್ಯ, ಕಾಳು, ಚಟ್ನಿ ಮಾಡಿ, ಓಣಿಯ ಮನೆಗಳಿಗೆ ಬೀರಿ, ಅವರು ಕೊಟ್ಟದ್ದನ್ನು ಮನೆಗೆ ತರುವುದು ನಿಮಗೆಲ್ಲ ಗೊತ್ತು. ಆದರೆ ಯಾರು ಯಾರ ಮನೆಗೆ ಬೀರುತ್ತಾರೆ, ಯಾರ ರೊಟ್ಟಿ ಯಾರ ಹೊಸ್ತಿಲು ದಾಟುವುದಿಲ್ಲ ಎಂಬುದೂ ನಿಮಗೆ ಗೊತ್ತು. ಅದನ್ನು ಮುಚ್ಚಿಟ್ಟು ಹಬ್ಬವನ್ನು ಹೊಗಳುವುದು ನನ್ನಿಂದಾಗದು. ನೆರೆಯ ಏಳು ದಿನ ಗುಡ್ಡದ ಶಾಲೆಯಲ್ಲಿ ಎಲ್ಲ ಕೇರಿಯವರೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಬುಟ್ಟಿಯ ರೊಟ್ಟಿ ತಿಂದಿದ್ದರು. ನೀರು ಇಳಿದದ್ದೇ ತಡ, ಆ ಸಾಲು ಮುರಿದಿತ್ತು. ಹುಡುಗರು ಊರಿನ ಎಲ್ಲ ಮನೆಯ ರೊಟ್ಟಿಯನ್ನೂ ಒಂದೇ ರಾಶಿ ಮಾಡುತ್ತೇವೆ ಎಂದಾಗ ಹಿರಿಯರಲ್ಲಿ ಕೆಲವರು ಪಟ್ಟಿ ಕೊಡುವುದಿಲ್ಲ ಎಂದರು. ಹುಡುಗರು ವಾದಕ್ಕೆ ಇಳಿಯಲಿಲ್ಲ. ರಾಶಿ ಒಂದೇ, ಕೊಡುವುದು ಬಿಡುವುದು ನಿಮ್ಮ ಇಚ್ಛೆ ಎಂದು ಹೇಳಿ ಮುಂದಿನ ಮನೆಗೆ ನಡೆದರು. ಹಲಗಿ ಬಾರಿಸುವ ಮನೆತನದವರೂ ತಮ್ಮ ಮಾತು ಹೇಳಿದರು. ಕರೆದಾಗ ಬಂದು ಬಾರಿಸಿ ಮೂಲೆಯಲ್ಲಿ ಕುಳಿತು ಉಣ್ಣುವ ಕಾಲ ಮುಗಿಯಿತು, ನಾವು ಬಾರಿಸಬೇಕಾದರೆ ನೀವೂ ಕಲಿತು ನಮ್ಮ ಸಾಲಿನಲ್ಲಿ ನಿಂತು ಬಾರಿಸಬೇಕು ಎಂದರು. ಎಂಟು ಜನರೂ ಆ ಕೇರಿಗೆ ಹೋಗಿ, ಹುಲ್ಲಿನ ಬೆಂಕಿಗೆ ಹಲಗಿ ಕಾಯಿಸಿ ಹದ ಮಾಡುವುದರಿಂದ ಶುರುಮಾಡಿ ತಿಂಗಳಿಡೀ ಕಲಿತರು. ನನ್ನ ಪ್ರಕಾರ ಆ ಹಬ್ಬದ ದೊಡ್ಡ ಕೆಲಸ ಇದೇ. ಹಬ್ಬದ ದಿನ ಮೂರು ಮನೆಗಳ ಹೊರತಾಗಿ ಎಲ್ಲ ಮನೆಯ ರೊಟ್ಟಿಯೂ ರಾಶಿಗೆ ಬಂತು. ಆ ಮೂರರಲ್ಲಿ ಒಂದು ಮನೆ ಮರುವರ್ಷ ಕೊಟ್ಟಿತು. ಎರಡು ಇಂದಿಗೂ ಕೊಟ್ಟಿಲ್ಲ.

ಪಟ್ಟಿಯನ್ನು ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿದ್ದರು. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಅದನ್ನು ಅದೇ ಕಟ್ಟೆಯ ಮೇಲೆ ನಿಂತು ಓದಿದಳು. ಮೂರು ವರ್ಷದ ಹಿಂದೆ ಅಲ್ಲಿಯೇ ಪರಿಹಾರದ ಪಟ್ಟಿ ಓದುವಾಗ ಉಸಿರು ಬಿಗಿಹಿಡಿದು ನಿಂತಿದ್ದ ಜನ, ಈಗ ತಮ್ಮ ಹೆಸರು ಬಂದಾಗ ತಲೆಯೆತ್ತಿ ನಿಂತರು. ಇಂಥವರಿಂದ ಐದು ರೊಟ್ಟಿ, ಇಂಥವರಿಂದ ಐದು ರೊಟ್ಟಿ ಎಂದು ಅಷ್ಟೂ ಮನೆಗಳ ಹೆಸರು. ಕೇಳುವುದಕ್ಕೆ ಬೇಸರವಾಗಬೇಕಾದ ಆ ಓದನ್ನು ಯಾರೂ ಎದ್ದುಹೋಗದೆ ಕೊನೆಯವರೆಗೂ ಕೇಳಿದರು. ನನ್ನ ಅವ್ವನ ಹೆಸರು ಬಂದಾಗ ಅವಳು ಸೆರಗು ಸರಿಮಾಡಿಕೊಂಡಳು.

ಇದು ನಮ್ಮ ಊರಿನ ಅನುಭವ ಮಾತ್ರವೇ ಎಂದು ನೀವು ಕೇಳಬಹುದು. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಮರುವರ್ಷ ಫೆಬ್ರುವರಿಯಲ್ಲಿಯೇ ಅಲ್ಲಿನವರು ತಮ್ಮ ಮಾರ್ಡಿ ಗ್ರಾ ಉತ್ಸವವನ್ನು ನಡೆಸಿದಾಗ, ಸತ್ತವರ ಊರಿನಲ್ಲಿ ಮೆರವಣಿಗೆಯೇ ಎಂಬ ಇದೇ ಪ್ರಶ್ನೆ ಅಲ್ಲಿಯೂ ಎದ್ದಿತ್ತು. 2011ರ ಮಾರ್ಚ್ 11ರ ಸುನಾಮಿಯ ನಂತರ ಜಪಾನಿನ ಈಶಾನ್ಯ ಕರಾವಳಿಯ ಊರುಗಳಲ್ಲಿ ಜನ ಅವಶೇಷಗಳ ನಡುವೆ ತಮ್ಮ ಕುಣಿತದ ಮುಖವಾಡಗಳನ್ನೂ ನಗಾರಿಗಳನ್ನೂ ಹುಡುಕಿ ತೆಗೆದರು. ಫುಕುಶಿಮಾ ಸೀಮೆಯ ಸೋಮಾದಲ್ಲಿ, ಅಣುಸ್ಥಾವರದ ದುರಂತದ ನೆರಳಿನಲ್ಲಿಯೂ, ಅದೇ ವರ್ಷದ ಜುಲೈನಲ್ಲಿ ಶತಮಾನಗಳ ಹಳೆಯ ಕುದುರೆ ಉತ್ಸವವನ್ನು ಚಿಕ್ಕದಾಗಿಯಾದರೂ ನಡೆಸಿದರು. ಇವರೆಲ್ಲ ದುಃಖ ಮರೆಯಲು ಹಬ್ಬ ಮಾಡಿದರು ಎಂಬ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ದುಃಖ ಮರೆಯುವುದು ಒಬ್ಬೊಬ್ಬರೇ ಮಾಡಬಹುದಾದ ಕೆಲಸ. ಹಬ್ಬಕ್ಕೆ ಹತ್ತು ಜನ ಬೇಕು, ಒಬ್ಬೊಬ್ಬರಿಗೂ ಒಂದೊಂದು ಹೊಣೆ ಬೇಕು. ಆ ಹೊಣೆಯನ್ನು ನೆರೆ ಕಿತ್ತುಕೊಂಡಿತ್ತು, ಹುಡುಗರು ಮರಳಿ ಹಂಚಿದರು.

ಹಗ್ಗದ ಮಾತಿಗೆ ಬರುತ್ತೇನೆ. ಜೋಕಾಲಿ ಇಲ್ಲದ ಪಂಚಮಿಯನ್ನು ಯಾರೂ ಪಂಚಮಿ ಎನ್ನುವುದಿಲ್ಲ. ಆದರೆ ಕಟ್ಟುವುದು ಎಲ್ಲಿ? ಹಳೆಯ ಮನೆಗಳಲ್ಲಿ ಬೇವಿನ ತೊಲೆ ಇತ್ತು, ತೊಲೆಗೆ ಕಬ್ಬಿಣದ ಕೊಂಡಿ ಇತ್ತು. ಅದೇ ಕೊಂಡಿಗೆ ತೊಟ್ಟಿಲು, ಅದೇ ಕೊಂಡಿಗೆ ಜೋಕಾಲಿ. ತಗಡಿನ ಶೆಡ್ಡು ಒಂದು ಕೂಸಿನ ಭಾರವನ್ನೂ ಹೊರುವುದಿಲ್ಲ. ಹೊಸ ಆರ್‌ಸಿಸಿ ಮನೆಗಳ ಸ್ಲ್ಯಾಬು ನುಣ್ಣಗಿದೆ, ಅದರಲ್ಲಿ ಫ್ಯಾನಿನ ಕೊಕ್ಕೆಯ ಹೊರತು ಏನೂ ಇಲ್ಲ. 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳಿಗೆ ಜನ ಹೋಗಿ ನೆಲೆಸಲಿಲ್ಲ ಎಂಬುದು ನಿಮಗೆ ಗೊತ್ತಿದೆ. ಅದಕ್ಕೆ ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂಬ ಕಾರಣಗಳೆಲ್ಲ ನಿಜ. ತೊಟ್ಟಿಲು ಕಟ್ಟಲು ತಾವಿಲ್ಲದ ಮನೆಗೆ ಬಾಣಂತಿ ಹೇಗೆ ಹೋಗಬೇಕು ಎಂಬುದನ್ನೂ ನಾನು ಆ ಕಾರಣಗಳ ಜೊತೆಗೆ ಸೇರಿಸುತ್ತೇನೆ. ನಕ್ಷೆ ಬರೆಯುವವರು ಹೆಂಗಸರನ್ನು ಕೇಳಿದ್ದರೆ ಅದು ತಾನಾಗಿಯೇ ತಿಳಿಯುತ್ತಿತ್ತು.

ಗುಡ್ಡದ ಶಾಲೆಯ ಮುಂದಿನ ಬೇವಿನ ಮರ ನೆರೆಗೆ ಸಿಕ್ಕಿರಲಿಲ್ಲ. ಅದಕ್ಕೇ ಜೋಕಾಲಿ ಎಂದಾಯಿತು. ನೈಲಾನ್ ಹಗ್ಗ ಅಂಗಡಿಯಲ್ಲಿ ಸಿಗುತ್ತಿತ್ತು, ಆದರೆ ಅದು ಅಂಗೈ ಕೊಯ್ಯುತ್ತದೆ. ಪುಂಡಿ ನಾರಿನ ಹಗ್ಗ ಹೊಸೆಯಲು ಬಲ್ಲವರು ಊರಿನಲ್ಲಿ ಒಬ್ಬರೇ ಉಳಿದಿದ್ದರು, ಎಪ್ಪತ್ತು ದಾಟಿದ ಒಬ್ಬ ಅಜ್ಜ. ಎ, ಬಿ, ಸಿ ಗದ್ದಲದಲ್ಲಿ ದಾಯಾದಿಯೊಡನೆ ಮಾತು ಬಿಟ್ಟ ಮುದುಕನೆಂದು ನಾನು ಆಗ ಹೇಳಿದೆನಲ್ಲ, ಅವರೇ. ಮೂರು ಎಳೆಯ ಹಗ್ಗವನ್ನು ಒಬ್ಬರೇ ಹೊಸೆಯಲು ಬರುವುದಿಲ್ಲ. ಒಂದು ತುದಿಯಲ್ಲಿ ಒಬ್ಬರು ಕಟ್ಟಿಗೆಯ ಕೊಕ್ಕೆ ತಿರುವುತ್ತಾ ಹೋಗಬೇಕು, ಇನ್ನೊಂದು ತುದಿಯಲ್ಲಿ ಒಬ್ಬರು ಎಳೆಗಳನ್ನು ಬಿಗಿ ಸಡಿಲದಂತೆ ಹಿಡಿದು ನಾರು ಕೂಡಿಸುತ್ತಾ ಹಿಂದಕ್ಕೆ ಹೆಜ್ಜೆ ಇಡಬೇಕು, ಇಬ್ಬರ ಕಣ್ಣೂ ಒಂದೇ ಎಳೆಯ ಮೇಲೆ ಇರಬೇಕು. ಹುಡುಗರ ಕೈ ಎಷ್ಟು ಸಲ ಹಿಡಿದರೂ ಎಳೆ ಗಂಟುಬೀಳುತ್ತಿತ್ತು. ಅಜ್ಜ ಸ್ವಲ್ಪ ಹೊತ್ತು ನೋಡಿ, "ಅವನ್ನ ಕರೀರಿ, ಅವಗ ಬರತೈತಿ" ಎಂದರು. ದಾಯಾದಿ ಬಂದರು. ಇಬ್ಬರೂ ಮಾತಾಡಲಿಲ್ಲ, ಹಗ್ಗ ಹೊಸೆದರು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಒಬ್ಬರಿಗೊಬ್ಬರು ಎದುರಾಗಿ, ಬಾರಿಬಾರಿಗೂ ಹತ್ತು ಮಾರು ದೂರ ಸರಿದು, ಮತ್ತೆ ಹತ್ತಿರ ಬಂದು. ಅವರು ರಾಜಿಯಾದರು ಎಂದು ನಾನು ಕತೆ ಕಟ್ಟುವುದಿಲ್ಲ, ಅವರ ಗೋಡೆಯ ತಂಟೆ ಇನ್ನೂ ಇದೆ. ಆದರೆ ಈಗ ಪ್ರತಿ ಪಂಚಮಿಗೂ ಹಗ್ಗ ಅವರಿಬ್ಬರದೇ.

ರಾತ್ರಿ ಶ್ರೀಕೃಷ್ಣ ಪಾರಿಜಾತ ಆಡಿದರು. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡ, ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಗೆಜ್ಜೆ ಕಟ್ಟಿ ಮನೆಮಾತಾಗಿಸಿದ ಆಟ ಅದು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ನಿಂಗಮ್ಮ ರಂಗಕ್ಕೆ ಬಂದದ್ದು ಎಂಥ ಎದೆಗಾರಿಕೆ ಎಂಬುದನ್ನು, ಇಂದಿಗೂ ಹೆಣ್ಣುಮಕ್ಕಳನ್ನು ವೇದಿಕೆಗೆ ಕಳಿಸಲು ಹಿಂದೆಮುಂದೆ ನೋಡುವ ನಮ್ಮ ಮನೆಗಳಲ್ಲಿ ನಿಂತು ಯೋಚಿಸಬೇಕು. ನಮ್ಮ ಊರಿನ ಮೇಳದ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನೀರಿನಲ್ಲಿ ಮುಳುಗಿತ್ತು. ಅದನ್ನು ಬಿಚ್ಚಿದಾಗ ನಾನು ಅಲ್ಲಿದ್ದೆ. ತಿದಿಯ ಅಂಟು ಬಿಟ್ಟು ಮಡಿಕೆಗಳೆಲ್ಲ ಬಾಯಿ ತೆರೆದಿದ್ದವು, ಹಿತ್ತಾಳೆಯ ನಾಲಗೆಗಳ ಮೇಲೆ ಹಸಿರು ಕಟ್ಟಿತ್ತು, ಒಳಗೆ ಬೆರಳು ದಪ್ಪದ ಹೊಳೆಯ ರೇವೆ ಒಣಗಿ ಬಿರುಕುಬಿಟ್ಟಿತ್ತು, ಆ ಬಿರುಕಿನಲ್ಲಿ ಒಂದು ಜೋಳದ ಸಸಿ ಮೊಳೆತು ಒಣಗಿತ್ತು. ಮೂರು ವಾರ ಒಂದೊಂದೇ ನಾಲಗೆಯನ್ನು ಬಿಚ್ಚಿ ತಿಕ್ಕಿ ಕೂಡಿಸಿದರು. ಮಂದ್ರದ ಎರಡು ಸ್ವರಗಳು ಕೊನೆಗೂ ಹೊರಡಲಿಲ್ಲ. ಹಾಡುವವರು ಅವನ್ನು ಬಿಟ್ಟು ಹಾಡುವುದನ್ನು ರೂಢಿಸಿಕೊಂಡರು.

ಪಾರಿಜಾತದ ಕತೆ ನಿಮಗೆ ಗೊತ್ತು. ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಈ ಆಟದ ಬೆಡಗು ಇರುವುದು ಭಾಗವತ ಮತ್ತು ದೂತಿಯ ಮಾತಿನಲ್ಲಿ. ಅವರು ದ್ವಾರಕೆಯಲ್ಲಿ ನಿಂತು ನಮ್ಮ ಸಂತೆಯ ಮಾತು ಆಡಬಹುದು, ಆ ಹೊತ್ತಿನ ಊರಿನ ಸುದ್ದಿಯನ್ನು ಆಟದೊಳಗೆ ತರಬಹುದು. ಅಂದು ದೂತಿಯಾದವಳು ಪಟ್ಟಿ ಓದಿದ ಅದೇ ಹುಡುಗಿ. ಒಂದು ಹೂವಿಗಾಗಿ ನೆಲಕ್ಕೆ ಬಿದ್ದು ಅಳುವ ಸತ್ಯಭಾಮೆಯ ಪಕ್ಕ ಕುಳಿತು ಅವಳು, ಯಾರೂ ಹೇಳಿಕೊಟ್ಟಿರದ ಒಂದು ಮಾತು ಆಡಿದಳು: "ಅಳವಾ, ಅತ್ತುಬಿಡು. ನಮ್ಮೂರಾಗ ಮನಿ ಹೋದವರೂ ಇನ್ನೂ ಅತ್ತಿಲ್ಲ." ಕೂತ ಜನ ಒಂದು ಕ್ಷಣ ಸುಮ್ಮನಾದರು. ಮುಂದೆ ಕುಳಿತ ಹೆಂಗಸರಲ್ಲಿ ಯಾರೋ ಒಬ್ಬರು ಬಿಕ್ಕಿದರು, ಆಮೇಲೆ ಸಾಲಿಗೆ ಸಾಲೇ ಅತ್ತಿತು. ಮೇಳದವರು ತಾಳ ನಿಲ್ಲಿಸಲಿಲ್ಲ, ಮೆಲ್ಲಗೆ ಬಾರಿಸುತ್ತಲೇ ಇದ್ದರು. ಮೂರು ವರ್ಷ ತಂತಮ್ಮ ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ಅತ್ತವರಿಗೆ ಎಲ್ಲರೂ ಕೂಡಿ ಅಳಲು ಒಂದು ತಾವು ಬೇಕಾಗಿತ್ತು. ಚೀಟಿ ಬರೆದವರಿಗೆ ನನ್ನ ಉತ್ತರ ಇದು: ನಾನು ಗದರಿದ್ದು ತಪ್ಪಾಗಿತ್ತು.

ಹಬ್ಬದಿಂದ ಮನೆ ಬರಲಿಲ್ಲ. ನದಿಯ ಪಾತ್ರದ ಕಬ್ಬು ಹಾಗೆಯೇ ಇದೆ, ಹೂಳು ಹಾಗೆಯೇ ಇದೆ, ಆ ಕೆಲಸ ಹಬ್ಬದ್ದಲ್ಲ, ಅದನ್ನು ಕೇಳಬೇಕಾದಲ್ಲಿ ಕೇಳಲೇಬೇಕು. ಆದರೆ ಒಂದು ಪ್ರಯೋಜನವನ್ನು ಯಾರೂ ಎಣಿಸಿರಲಿಲ್ಲ. ರೊಟ್ಟಿಯ ಪಟ್ಟಿಗಾಗಿ ಎಂಟು ಜನ ಪ್ರತಿ ಮನೆಯ ಹೊಸ್ತಿಲಿಗೂ ಹೋಗಿದ್ದರಲ್ಲ, ಯಾವ ಮನೆಯಲ್ಲಿ ನಡೆಯಲಾಗದ ಮುದುಕಿ ಇದ್ದಾಳೆ, ಎಲ್ಲಿ ಎಳೆಗೂಸು ಇದೆ, ಯಾರಿಗೆ ಎಷ್ಟು ದನ, ಯಾರ ಗಂಡ ಗೋವಾದಲ್ಲಿ ಎಂಬುದೆಲ್ಲ ಆ ನೋಟುಬುಕ್ಕಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು. ಮುಂದೊಂದು ಮಳೆಗಾಲದ ರಾತ್ರಿ ಹೊಳೆಗೆ ನೀರು ಏರುತ್ತಿದೆ ಎಂಬ ಸುದ್ದಿ ಬಂದಾಗ ಅವರು ಅದೇ ನೋಟುಬುಕ್ಕು ಹಿಡಿದು ಓಣಿ ಹಂಚಿಕೊಂಡರು. ನೀರು ಅಗಸಿಗೆ ಬರಲಿಲ್ಲ. ಬಂದಿದ್ದರೂ ಬೆಳಗಾಗುವುದರೊಳಗೆ ಗುಡ್ಡದ ಶಾಲೆಯಲ್ಲಿ ಇರಬೇಕಾದವರೆಲ್ಲ ಇದ್ದರು. ನಿಮ್ಮ ಊರು ಹೊಳೆಯ ದಂಡೆಗೆ ಇದ್ದರೆ, ಈ ಸಲದ ಪಂಚಮಿಗೆ ಪಟ್ಟಿ ಎತ್ತಲು ಹೋಗುವಾಗ ಒಂದು ಪೆನ್ಸಿಲ್ಲನ್ನೂ ಒಯ್ಯಿರಿ ಎಂದು ಕೇಳಿಕೊಳ್ಳುತ್ತೇನೆ.

ಅಣ್ಣ ಹೋದ ವರ್ಷ ಮನೆಯ ಸ್ಲ್ಯಾಬು ಹಾಕಿಸಿದ. ಕಾಂಕ್ರೀಟು ಸುರಿಯುವ ಮುನ್ನಾ ದಿನ ಅವ್ವ ಕೋಲೂರಿಕೊಂಡು ನಿಚ್ಚಣಿಕೆಯ ಕೆಳಗೆ ಬಂದು ನಿಂತಳು. ಹಳೆಯ ಮನೆಯ ಅವಶೇಷದಿಂದ ಎತ್ತಿಟ್ಟಿದ್ದ ತೊಲೆಯ ಎರಡು ಕಬ್ಬಿಣದ ಕೊಂಡಿಗಳು ಅವಳ ಸೆರಗಿನಲ್ಲಿದ್ದವು. ಪಡಸಾಲೆಯ ನಟ್ಟನಡುವೆ, ಒಂದಕ್ಕೊಂದು ಎರಡು ಮೊಳ ಅಂತರ ಬಿಟ್ಟು, ಸರಳಿಗೆ ಬಿಗಿದು ಕಟ್ಟಿರೆಂದು ಗೌಂಡಿಗೆ ಹೇಳಿ, ಅವನು ಕಟ್ಟಿ ಮುಗಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ ನಮ್ಮ ಓಣಿಯಲ್ಲಿ ಸ್ಲ್ಯಾಬು ಬಿದ್ದ ನಾಲ್ಕು ಮನೆಗಳಲ್ಲಿಯೂ ಪಡಸಾಲೆಗೆ ಎರಡು ಕೊಂಡಿ ಇವೆ.